ಬಿದ್ದದ್ದು ಕೈಗುಣವೋ, ರಿಂಗಿನ ಗುಣವೋ

ಕಾಸರಗೋಡು ಸೀಮೆಯ ಕಾಲೇಜು ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಸಂಜೆ ಐದು ದಾಟಿದರೆ ಒಂದು ತರ್ಕ ಏಳದೆ ಇರುವುದಿಲ್ಲ. "ಅವ ಮ್ಯಾಚಿಗೆ ಮೂವತ್ತು ಪಾಯಿಂಟ್ ಹಾಕ್ತಾನೆ ಮಾರಾಯ" ಎಂದು ಒಬ್ಬ. "ಹಾಕ್ತಾನೆ, ಎಸೆದದ್ದೆಷ್ಟು ಅಂತ ಲೆಕ್ಕ ಉಂಟಾ?" ಎಂದು ಇನ್ನೊಬ್ಬ. ಎರಡೂ ಕಡೆಯವರು ಆಟಗಾರನ ಮಣಿಕಟ್ಟನ್ನು ನೋಡುತ್ತಾರೆ, ತಲೆಯ ಮೇಲೆ ತೂಗುವ ಕಬ್ಬಿಣವನ್ನು ನೋಡುವವರಿಲ್ಲ. ಹಾಗಾಗಿ ಈ ವಿಮರ್ಶೆ ರಿಂಗಿನದ್ದು: ಊರಿನ ವರ್ಕ್‌ಶಾಪಿನಲ್ಲಿ ಬೆಸೆಸಿಕೊಳ್ಳುವ ರಿಂಗ್, ಕ್ರೀಡಾ ಸಾಮಾನಿನ ಅಂಗಡಿಯಲ್ಲಿ ಸಿಗುವ ಗಟ್ಟಿ ರಿಂಗ್, ಸ್ಪ್ರಿಂಗ್ ಇರುವ ರಿಂಗ್.

ನಮ್ಮಲ್ಲಿ ಹೆಚ್ಚು ಕಾಣುವುದು ವರ್ಕ್‌ಶಾಪಿನದ್ದೇ. ಅಗ್ಗ, ಕೈಗೆ ಸಿಗುತ್ತದೆ, ಮುರಿದರೆ ಅಲ್ಲಿಗೇ ಒಯ್ಯಬಹುದು. ಕೆಲಸ ಕೆಡುವುದು ಹೇಳುವ ಕ್ರಮದಲ್ಲಿ. "ನಲವತ್ತೈದು ಸೆಂಟಿಮೀಟರಿನ ಬಳೆ ಮಾಡಿ" ಎಂದರೆ ಬೆಸೆಯುವವರು ಹೊರಗಿನಿಂದ ಹೊರಗೆ ಅಳೆಯುತ್ತಾರೆ. ನಿಯಮದ ಅಳತೆ ಒಳಗಿನಿಂದ ಒಳಗೆ, 450ರಿಂದ 459 ಮಿ.ಮೀ. ಹೊರ ಅಳತೆ ಹಿಡಿದು 18 ಮಿ.ಮೀ. ಸರಳು ಬಗ್ಗಿಸಿದರೆ ಬಾಯಿ 414 ಮಿ.ಮೀ.ಗೆ ಇಳಿಯುತ್ತದೆ. ಆ ರಿಂಗಿನಲ್ಲಿ ಯಾವ ಸ್ಟಾರ್ ಆದರೂ ಬಡವನೇ.

ಸರಳಿನ ದಪ್ಪ 16ರಿಂದ 20 ಮಿ.ಮೀ. ಇರಬೇಕು. ಇದರಲ್ಲಿ ಮೋಸ ಸುಲಭ, ಹಿಡಿಯುವುದು ಇನ್ನೂ ಸುಲಭ. ರಿಂಗಿನ ಹಿಂದಿನ ಬೋರ್ಡಿಗೆ ಬಿಗಿಯುವ ಪ್ಲೇಟಿಗೆ ಬೆಸೆಯುವ ಮೊದಲು ಬಳೆಯನ್ನು ತಕ್ಕಡಿಗೆ ಹಾಕಿ. 18 ಮಿ.ಮೀ. ಸರಳಿನದ್ದು ಮೂರು ಕೆ.ಜಿ.ಗೆ ಹತ್ತಿರ ಬರುತ್ತದೆ, 12 ಮಿ.ಮೀ. ಆದರೆ ಒಂದೂಕಾಲು ಕೆ.ಜಿ. ಆಸುಪಾಸು. ಹಗುರದ್ದಕ್ಕೆ ಯಾರಾದರೂ ಒಮ್ಮೆ ಜೋತುಬಿದ್ದರೆ ಸಾಕು, ಮುಂದಿನ ತುಟಿ ಕೆಳಗೆ ಬಾಗುತ್ತದೆ. ಇನ್ನೊಂದು ತಪ್ಪು ಹಿಂದಿನ ಪ್ಲೇಟಿನದ್ದು. ಬೋರ್ಡಿನ ಮುಖದಿಂದ ರಿಂಗಿನ ಒಳ ಅಂಚಿಗೆ 151 ಮಿ.ಮೀ. ಅಂತರ ಬೇಕು. ಬಳೆಯನ್ನು ಬೋರ್ಡಿಗೆ ಅಂಟಿಸಿದ ಹಾಗೆ ಬೆಸೆದರೆ ಬೋರ್ಡಿಗೆ ಬಡಿದು ಬರುವ ಲೇ-ಅಪ್ (ಓಡಿಬಂದು ಹತ್ತಿರದಿಂದ ಹಾಕುವ ಎಸೆತ) ರಿಂಗಿನ ಮುಂದಂಚಿಗೆ ತಾಗಿ ಹೊರಗೆ ಹಾರುತ್ತದೆ.

ಬಾಗಿದ ರಿಂಗಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಸ್ಟಾರುಗಳು ಹುಟ್ಟುವುದು ಅಲ್ಲಿಯೇ. ಚೆಂಡು ನೆತ್ತಿಯಿಂದ ಬರುವುದಿಲ್ಲ, ಓರೆಯಾಗಿ ಬರುತ್ತದೆ. 45 ಡಿಗ್ರಿಯಲ್ಲಿ ಇಳಿದರೆ ಅದಕ್ಕೆ ಕಾಣುವ ಬಾಯಿ ಸುಮಾರು 32 ಸೆಂ.ಮೀ. ಮಾತ್ರ. 30 ಡಿಗ್ರಿಯಾದರೆ 22.5 ಸೆಂ.ಮೀ.; 24 ಸೆಂ.ಮೀ. ದಪ್ಪದ ಚೆಂಡು ಅಂಚು ಮುಟ್ಟದೆ ತೂರಲಿಕ್ಕೆ ಜಾಗವೇ ಇಲ್ಲ. ಚಪ್ಪಟೆ ಎಸೆತಗಾರರು ಸೋಲುವುದು ಇದಕ್ಕೇ. ಈಗ ಮುಂದಿನ ತುಟಿ 2 ಸೆಂ.ಮೀ. ತಗ್ಗಿದೆ ಎಂದಿಟ್ಟುಕೊಳ್ಳಿ. ರಿಂಗ್ ಎಸೆಯುವವನ ಕಡೆಗೆ ಎರಡೂವರೆ ಡಿಗ್ರಿ ವಾಲುತ್ತದೆ, 40 ಡಿಗ್ರಿಯಲ್ಲಿ ಬರುವ ಚೆಂಡಿಗೆ ಒಂದೂವರೆ ಸೆಂ.ಮೀ. ಹೆಚ್ಚು ಬಾಯಿ ತೆರೆಯುತ್ತದೆ. ಎದುರಿನಿಂದ ಎಸೆಯುವವನಿಗೆ ಇದು ಪುಕ್ಕಟೆ ಲಾಭ. ಮೂಲೆಯಿಂದ ಎಸೆಯುವವನಿಗೆ ಏನೂ ಇಲ್ಲ. ಒಂದೇ ತಂಡದ ಇಬ್ಬರನ್ನು ಹೋಲಿಸುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಕಡಿಮೆ.

ಎತ್ತರ 3.05 ಮೀಟರ್. ಅಂಗಳಕ್ಕೆ ಹೊಸದಾಗಿ ಕಾಂಕ್ರೀಟ್ ಹಾಕಿದ ಮೇಲೆ ಕಂಬ ಎತ್ತುವುದನ್ನು ಮರೆಯುತ್ತಾರೆ. ನೆಲ 8 ಸೆಂ.ಮೀ. ಏರಿದರೆ ರಿಂಗ್ 2.97ಕ್ಕೆ ಇಳಿಯಿತು. ತೂಗುಗುಂಡನ್ನು ಹಿಂದಿನ ಅಂಚಿನಿಂದಲೂ ಮುಂದಿನ ಅಂಚಿನಿಂದಲೂ ಇಳಿಸಿ ಅಳೆದರೆ ಎತ್ತರ, ವಾಲು ಎರಡೂ ಒಂದೇ ಸಲಕ್ಕೆ ಗೊತ್ತಾಗುತ್ತದೆ.

ಅಂಗಡಿಯ ಗಟ್ಟಿ ರಿಂಗ್ ಅಳತೆಯಲ್ಲಿ ಪ್ರಾಮಾಣಿಕ, ಸ್ವಭಾವದಲ್ಲಿ ಒರಟು. ಅಂಚಿಗೆ ತಾಗಿದ ಚೆಂಡನ್ನು ಕೊಡವಿ ಎಸೆಯುತ್ತದೆ. ನೇರ ಬೀಳುವ ಎಸೆತಕ್ಕೆ ಮಾತ್ರ ಬೆಲೆ, ಅಭ್ಯಾಸಕ್ಕೆ ಇದೇ ಒಳ್ಳೆಯದು. ಬಣ್ಣ ಬಳಿದದ್ದು ಕಡಲ ಗಾಳಿಗೆ ಎರಡು ಮಳೆಗಾಲ ತಾಳುವುದೂ ಕಷ್ಟ. ಗ್ಯಾಲ್ವನೈಸ್ ಮಾಡಿದ್ದನ್ನೇ ಕೇಳಿ, ಅದರ ಮೇಲೆ ಕಿತ್ತಳೆ ಬಣ್ಣ ಹೊಡೆಸಿ. ಉಪ್ಪಳ, ಕುಂಬಳೆಯಂಥ ಕರಾವಳಿ ಜಾಗಗಳಿಗೆ ಬೇರೆ ದಾರಿಯಿಲ್ಲ.

ಸ್ಪ್ರಿಂಗ್ ರಿಂಗ್ ದುಬಾರಿ. ತುದಿಗೆ 82ರಿಂದ 105 ಕೆ.ಜಿ. ಭಾರ ಬಿದ್ದಾಗ ಮಾತ್ರ ಬಾಗಿ, ಬಿಟ್ಟ ಕೂಡಲೇ ಸ್ವಸ್ಥಾನಕ್ಕೆ ಬರಬೇಕು. ಚೆಂಡು ತಾಗಿದಾಗಿನ ಹೊಡೆತದ ಶಕ್ತಿಯಲ್ಲಿ 35ರಿಂದ 50 ಶೇಕಡಾ ಹೀರಿಕೊಳ್ಳಬೇಕು, ಎರಡು ಕಡೆಯ ರಿಂಗುಗಳ ನಡುವೆ 5 ಶೇಕಡಾಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು ಎಂಬುದು ಅಂತರರಾಷ್ಟ್ರೀಯ ನಿಯಮ. ಒಳಾಂಗಣಕ್ಕೆ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ಬಯಲಿಗಾದರೆ ಎರಡು ಸಲ ಯೋಚಿಸಿ. ಆಟಿ ತಿಂಗಳ ಮಳೆಗೆ ಕೀಲಿನೊಳಗೆ ನೀರು ನಿಂತು ಸ್ಪ್ರಿಂಗ್ ಹಿಡಿದುಕೊಳ್ಳುತ್ತದೆ. ಆಮೇಲೆ ಅದು ದುಬಾರಿ ಗಟ್ಟಿ ರಿಂಗ್, ಅಷ್ಟೇ. ಮಳೆಗೆ ಮುಂಚೆ ಒಮ್ಮೆ, ದೀಪಾವಳಿ ಕಳೆದು ಒಮ್ಮೆ ಕವಚ ಬಿಚ್ಚಿ ಗ್ರೀಸ್ ಹಾಕುವವರು ಇದ್ದರೆ ಮಾತ್ರ ಕೊಳ್ಳಿ.

ಬಲೆಯ ಮಾತು ಸಣ್ಣದು. ಹನ್ನೆರಡು ಕೊಕ್ಕೆ, 40ರಿಂದ 45 ಸೆಂ.ಮೀ. ಉದ್ದ. ಬಲೆ ಇಲ್ಲದ ರಿಂಗಿನ ಕೆಳಗೆ ಅರ್ಧ ಜಗಳ "ಬಿತ್ತು", "ಬೀಳಲಿಲ್ಲ" ಎಂಬುದೇ. ಕಡಪ್ಪುರದಲ್ಲಿ ಮೀನಿನ ಬಲೆ ಹೆಣೆಯುವವರು ನೈಲಾನ್ ಹಗ್ಗದಲ್ಲಿ ಅಂಗಡಿಯದಕ್ಕಿಂತ ಗಟ್ಟಿಯಾದದ್ದನ್ನು ಹೆಣೆದು ಕೊಡಬಲ್ಲರು; ಕೆಳಗಿನ ಬಾಯಿ ಬಿಗಿಯಿರಲಿ, ಚೆಂಡು ಒಂದು ಕ್ಷಣ ತಡೆದು ಇಳಿಯಬೇಕು ಎಂದು ಹೇಳಿದರೆ ಸಾಕು.

ಚೆಂಡನ್ನೂ ನೋಡಬೇಕು. 7ನೇ ನಂಬರ್ ಗಂಡಸರಿಗೆ, 6 ಹೆಂಗಸರಿಗೆ. ಕಾಲೇಜಿನ ಚೀಲದಲ್ಲಿ ಎರಡೂ ಬೆರೆತಿರುತ್ತವೆ. 1.8 ಮೀಟರಿನಿಂದ ಬಿಟ್ಟರೆ ಚೆಂಡಿನ ತಲೆ 1.2ರಿಂದ 1.4 ಮೀಟರಿನವರೆಗೆ ಪುಟಿಯಬೇಕು. ಈ ನಂಬರಿನ ವಿಷಯ ಅಮೆರಿಕದ ಕಾಲೇಜು ಆಟದಲ್ಲಿ ಅತಿ ಹೆಚ್ಚು ಪಾಯಿಂಟ್ ಯಾರದ್ದು ಎಂಬ ದೊಡ್ಡ ಚರ್ಚೆಯಲ್ಲೂ ಬರುತ್ತದೆ. ಪೀಟ್ ಮಾರಾವಿಚ್ 1967–70ರ ಮೂರು ಋತುಗಳಲ್ಲಿ 83 ಪಂದ್ಯ ಆಡಿ 3,667 ಪಾಯಿಂಟ್ ಹಾಕಿದ, ಆಗ ದೂರದ ಎಸೆತಕ್ಕೆ ಎರಡರ ಬದಲು ಮೂರು ಪಾಯಿಂಟ್ ಕೊಡುವ ಗೆರೆಯೇ ಇರಲಿಲ್ಲ. 2023ರಲ್ಲಿ ಆಂಟ್ವಾನ್ ಡೇವಿಸ್ 144 ಪಂದ್ಯಗಳ ಮೇಲೆ 3,664ಕ್ಕೆ ನಿಂತ, ಗೆರೆಯಾಚೆಯ ಒಂದೇ ಎಸೆತದಷ್ಟು ಕಡಿಮೆ. ಐಯೊವಾದ ಕೈಟ್ಲಿನ್ ಕ್ಲಾರ್ಕ್ 2024ರ ಮಾರ್ಚ್ 3ರಂದು ಮಾರಾವಿಚ್‌ನ ಲೆಕ್ಕವನ್ನು ದಾಟಿ, 139 ಪಂದ್ಯಗಳಲ್ಲಿ 3,951ಕ್ಕೆ ಮುಗಿಸಿದಳು. ಅವಳ ಚೆಂಡು 6ನೇ ನಂಬರ್, 7ಕ್ಕಿಂತ ದಪ್ಪದಲ್ಲಿ ಸುಮಾರು ಒಂದು ಸೆಂಟಿಮೀಟರ್ ಕಡಿಮೆ; ರಿಂಗಿನ ಬಾಯಿ ಮಾತ್ರ ಎಲ್ಲರಿಗೂ ಅಷ್ಟೇ. ಆ ಒಂದು ಸೆಂಟಿಮೀಟರಿನಿಂದ ಅವಳ ಸಾಧನೆಯನ್ನು ಅಳೆಯುವುದು ಹುಚ್ಚು, ಆದರೆ ಮೂವರನ್ನೂ ಒಂದೇ ತಕ್ಕಡಿಗೆ ಹಾಕುವುದೂ ಹಾಗೆಯೇ.

ಊರಿನ ತರ್ಕಕ್ಕೆ ಬೇಕಾದ ಲೆಕ್ಕ ಇಷ್ಟೇ: ಎಸೆತಗಳಿಗೆ ಫ್ರೀ ಥ್ರೋದ (ಫೌಲಾದಾಗ ಸಿಗುವ, ತಡೆಯುವವರಿಲ್ಲದ ಎಸೆತ) 0.44 ಪಾಲು ಕೂಡಿಸಿ, ಎರಡರಿಂದ ಗುಣಿಸಿ, ಪಾಯಿಂಟನ್ನು ಅದರಿಂದ ಭಾಗಿಸಿ. 28 ಎಸೆತ, 6 ಫ್ರೀ ಥ್ರೋಗೆ 30 ಪಾಯಿಂಟ್ ಹಾಕಿದವನದ್ದು 49 ಶೇಕಡಾ. 14 ಎಸೆತ, 5 ಫ್ರೀ ಥ್ರೋಗೆ 22 ಹಾಕಿದವನದ್ದು 68. ಹೆಸರು ಮೊದಲಿನವನಿಗೆ, ಮ್ಯಾಚ್ ಗೆಲ್ಲಿಸುವವನು ಎರಡನೆಯವನು.

ಈ ಲೆಕ್ಕ ನಿಲ್ಲಬೇಕಾದರೆ ಎರಡು ರಿಂಗೂ ಸಮ ಇರಬೇಕು. ಒಬ್ಬನೇ ಆಟಗಾರ, ಒಂದೇ ಚೆಂಡು, ಈ ಕಡೆ ನೂರು ಫ್ರೀ ಥ್ರೋ, ಆ ಕಡೆ ನೂರು. ಇಪ್ಪತ್ತೈದಕ್ಕೊಮ್ಮೆ ಕಡೆ ಬದಲಿಸಿ, ಇಲ್ಲದಿದ್ದರೆ ದಣಿವು ಒಂದೇ ರಿಂಗಿನ ತಲೆಗೆ ಬೀಳುತ್ತದೆ. ಎರಡು ಮೂರು ಸಂಜೆ ಹೀಗೆ ಮಾಡಿದರೂ ಒಂದೇ ಕಡೆ ಹತ್ತು ಹದಿನೈದು ಹೆಚ್ಚು ಬೀಳುತ್ತಿದ್ದರೆ ಏಣಿ ಇಟ್ಟು ಬೋಲ್ಟ್ ಬಿಗಿಮಾಡಿ, ತೂಗುಗುಂಡು ಇಳಿಸಿ.