ಎಜುಕೇಶನ್ ಲೋನಿನ ಇನ್ಶೂರೆನ್ಸ್ ಯಾರ ಹೆಸರಿಗಿದೆ? ಇವತ್ತೇ ನೋಡಿಕೊಳ್ಳಿ

ಮನೆಯಲ್ಲಿ ಎಜುಕೇಶನ್ ಲೋನ್ ಇರುವವರು ದಯವಿಟ್ಟು ಇದನ್ನು ಓದಿ. ನಮ್ಮ ಅಕ್ಕನ ಮನೆಯಲ್ಲಿ ಆಗಿದ್ದು ಇನ್ನೊಬ್ಬರಿಗೆ ಆಗಬಾರದು.

ಅಕ್ಕನ ಮಗ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾಗ ಬೈಕ್ ಅಪಘಾತದಲ್ಲಿ ತೀರಿಕೊಂಡ. ಲೋನ್ 7 ಲಕ್ಷದ್ದು, ಭಾವ ಕೋ-ಅಪ್ಲಿಕೆಂಟ್, ಅಂದರೆ ಮಗನ ಜೊತೆ ಸಾಲಕ್ಕೆ ಸಹಿ ಹಾಕಿದವರು. ಲೋನ್ ಕೊಡುವಾಗ ಬ್ಯಾಂಕಿನವರು, "ಇನ್ಶೂರೆನ್ಸ್ ಮಾಡಿಸ್ಲೇಬೇಕು ಸಾರ್, ನಾಳೆ ಏನಾದ್ರೂ ಆದ್ರೆ ನಿಮಗೆ ತಲೆನೋವಿರಲ್ಲ" ಎಂದಿದ್ದರು. ಪೆನ್ಸಿಲಿನಲ್ಲಿ ಟಿಕ್ ಹಾಕಿದ ಕಡೆಯೆಲ್ಲ ಭಾವ ಸಹಿ ಮಾಡಿದರು. ಪ್ರೀಮಿಯಂ ಕೂಡ ಲೋನಿಗೇ ಸೇರಿತು. ಅಂದರೆ ಅದಕ್ಕೂ ಬಡ್ಡಿ.

ಕಾರ್ಯ ಎಲ್ಲ ಮುಗಿದ ಮೇಲೆ ಡೆತ್ ಸರ್ಟಿಫಿಕೇಟ್, ಎಫ್‌ಐಆರ್, ಪೋಸ್ಟ್‌ಮಾರ್ಟಂ ರಿಪೋರ್ಟ್ ಹಿಡಿದು ಭಾವನ ಜೊತೆ ನಾನೂ ಬ್ಯಾಂಕಿಗೆ ಹೋದೆ. ಫಾರಂ ತುಂಬಿಸಿ ಕಳಿಸಿದರು. ಆಮೇಲೆ ಇನ್ಶೂರೆನ್ಸ್ ಕಂಪನಿಯಿಂದ ಪತ್ರ ಬಂತು: ವಿಮೆ ಇರುವುದು ಕೋ-ಅಪ್ಲಿಕೆಂಟ್ ಜೀವಕ್ಕೆ, ವಿದ್ಯಾರ್ಥಿಯದಕ್ಕಲ್ಲ, ಆದ್ದರಿಂದ ಕ್ಲೇಮ್ ಬರುವುದಿಲ್ಲ. ಬದುಕಿರುವ ಅಪ್ಪನಿಗೆ ವಿಮೆ, ಹೋದ ಮಗನಿಗೆ ಇಲ್ಲ!

ಮ್ಯಾನೇಜರನ್ನು ಕೇಳಿದರೆ, "ಓದೋ ಹುಡುಗನಿಗೆ ಸಂಬಳ ಎಲ್ಲಿರುತ್ತೆ, ದುಡಿಯೋರು ನೀವಲ್ವಾ, ಅದಕ್ಕೇ ನಿಮ್ಮ ಹೆಸರಿಗೆ" ಎಂದರು. ಆ ಲೆಕ್ಕ ಪೂರ್ತಿ ತಪ್ಪು ಅಂತ ನಾನೂ ಹೇಳಲ್ಲ. ಆದರೆ ಅದನ್ನು ದುಡ್ಡು ಹಿಡಿಯುವ ದಿನವೇ ಬಾಯಿಬಿಟ್ಟು ಹೇಳಬೇಕಿತ್ತು. ಇನ್ಶೂರೆನ್ಸ್ ಕಡ್ಡಾಯ ಅಂತ ರಿಸರ್ವ್ ಬ್ಯಾಂಕ್ ಎಲ್ಲೂ ಹೇಳಿಲ್ಲ ಅನ್ನುವುದನ್ನೂ ಹೇಳಬೇಕಿತ್ತು.

ವಿದ್ಯಾರ್ಥಿ ಹೋದರೆ ಸಾಲ ತಾನಾಗಿಯೇ ಮನ್ನಾ ಆಗುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಆಗಲ್ಲ. ಕೋ-ಅಪ್ಲಿಕೆಂಟ್ ಕೂಡ ಸಾಲಗಾರನೇ. ಏಳೂವರೆ ಲಕ್ಷದವರೆಗಿನ ಲೋನಿಗೆ ಸರ್ಕಾರದ ಗ್ಯಾರಂಟಿ ಇದೆಯಲ್ಲ ಅಂತ ನಮಗೂ ಯಾರೋ ಧೈರ್ಯ ಹೇಳಿದ್ದರು. ಅದು ಬ್ಯಾಂಕಿಗೆ ನಷ್ಟ ಆಗದಿರಲಿ ಅಂತ ಇರುವುದು, ಮನೆಯವರ ಸಾಲ ತೀರಿಸುವುದಕ್ಕಲ್ಲ.

ಹಾಗಾಗಿ ಬ್ಯಾಂಕಿಗೆ ಹೋಗಿ 'ಸರ್ಟಿಫಿಕೇಟ್ ಆಫ್ ಇನ್ಶೂರೆನ್ಸ್' ಕೇಳಿ. ಇವು ಸಾಮಾನ್ಯವಾಗಿ ಗ್ರೂಪ್ ಪಾಲಿಸಿಗಳು. ಮೂಲ ಪಾಲಿಸಿ ಬ್ಯಾಂಕಿನ ಹೆಸರಲ್ಲಿರುತ್ತದೆ, ನಿಮಗೆ ಸಿಗುವುದು ಈ ಸರ್ಟಿಫಿಕೇಟ್ ಮಾತ್ರ. ಯಾರ ಜೀವಕ್ಕೆ ವಿಮೆ, ಯಾವತ್ತಿನಿಂದ, ಎಷ್ಟಕ್ಕೆ ಅನ್ನುವುದು ಅದರಲ್ಲೇ ಇರುತ್ತದೆ. ಸ್ಟೇಟ್‌ಮೆಂಟಿನಲ್ಲಿ ಪ್ರೀಮಿಯಂ ಕಡಿತ ಆಗಿದೆ ಅಂತ ಸುಮ್ನೆ ಕೂರಬೇಡಿ. ಮೊತ್ತವನ್ನೂ ನೋಡಿ. ಓದುವಾಗ ಇಎಂಐ ಇರುವುದಿಲ್ಲ, ಬಡ್ಡಿ ಸೇರಿ ಸಾಲ ಬೆಳೆಯುತ್ತಾ ಹೋಗುತ್ತದೆ. ವಿಮೆ ಮೊತ್ತ ಮಾತ್ರ ಮೊದಲೇ ಮಾಡಿಟ್ಟ ಪಟ್ಟಿಯ ಪ್ರಕಾರ ಇಳಿಯುವ ಪಾಲಿಸಿಗಳು ಜಾಸ್ತಿ. ನಡುವಿನ ವ್ಯತ್ಯಾಸ ಕಟ್ಟಬೇಕಾದವರು ನೀವೇ. ಆರೋಗ್ಯದ ಪ್ರಶ್ನೆಗಳಿಗೆ ಸಿಬ್ಬಂದಿ ತಾವೇ 'ಇಲ್ಲ, ಇಲ್ಲ' ಅಂತ ತುಂಬಲು ಬಿಡಬೇಡಿ. ಪಾಲಿಸಿಗೆ 3 ವರ್ಷ ತುಂಬುವ ಮೊದಲು ಸಾವು ಸಂಭವಿಸಿದರೆ ಆ ಉತ್ತರಗಳನ್ನೇ ಹಿಡಿದು ಕ್ಲೇಮ್ ತಿರಸ್ಕರಿಸಬಹುದು. 3 ವರ್ಷ ದಾಟಿದ ಮೇಲೆ ಹಾಗೆ ಮಾಡುವಂತಿಲ್ಲ, ವಿಮಾ ಕಾಯ್ದೆಯ 45ನೇ ಸೆಕ್ಷನ್ ಇದೆ.

ಕ್ಲೇಮ್ ತಿರಸ್ಕರಿಸಿದರೆ ಮೊದಲು ಕಂಪನಿಗೇ ಬರವಣಿಗೆಯಲ್ಲಿ ದೂರು ಕೊಡಿ. ತಿಂಗಳಲ್ಲಿ ಸರಿಹೋಗದಿದ್ದರೆ ವಿಮಾ ಒಂಬುಡ್ಸ್‌ಮನ್ (ಇಂಥ ದೂರುಗಳನ್ನು ವಿಚಾರಿಸುವ ಅಧಿಕಾರಿ) ಬಳಿ ಹೋಗಿ. ಬೆಂಗಳೂರಿನಲ್ಲಿ ಕಚೇರಿ ಇದೆ, ಶುಲ್ಕ ಇಲ್ಲ, ಒಂದು ವರ್ಷದೊಳಗೆ ಹೋಗಬೇಕು. ನಮ್ಮದರಲ್ಲಿ ತಪ್ಪು ಬ್ಯಾಂಕಿನದು, ಹಾಗಾಗಿ ಬ್ಯಾಂಕಿಗೆ ದೂರು ಕೊಟ್ಟು ನಕಲಿನ ಮೇಲೆ ಸೀಲ್ ಹಾಕಿಸಿಕೊಂಡಿದ್ದೇವೆ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗುತ್ತೇವೆ. ಈ ನಡುವೆ ಬ್ಯಾಂಕಿನವರು "ಕಂತು ಕಡಿಮೆ ಮಾಡಿ ಕೊಡ್ತೀವಿ, ಒಂದು ಸಹಿ ಹಾಕಿ" ಅಂತ ಭಾವನನ್ನು ಕರೆಯುತ್ತಿದ್ದಾರೆ. ಆ ಕಾಗದದಲ್ಲಿ ಪೂರ್ತಿ ಸಾಲ ಒಪ್ಪಿಕೊಂಡಿದ್ದೇನೆ ಅಂತ ಒಂದು ಸಾಲಿದೆ. ವಕೀಲರಿಗೆ ತೋರಿಸುವವರೆಗೆ ಸಹಿ ಹಾಕಬೇಡಿ ಎಂದಿದ್ದೇನೆ.