ಮೂವತ್ತೊಂದು ಕಾರ್ಡು, ನನ್ನೊಂದು ನಾಲಿಗೆ

ಬೈಬಲ್ ಘೋಷಣೆಗಳ ಕಾರ್ಡಿನ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 'ಬಾಯಿಬಿಟ್ಟು ಹೇಳಿ' ಎಂದಿತ್ತು. ನನಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮುಚ್ಚುವುದೇ ಕಷ್ಟ. ಆದರೂ ಚರ್ಚಿನ ಗೆಳತಿ ಪ್ರೀತಿಯಿಂದ ಕೊಟ್ಟದ್ದು ಅಲ್ವಾ, ಒಂದು ತಿಂಗಳು ತಪ್ಪಿಸದೆ ಬಳಸಿದೆ.

ಒಳಗೆ 31 ಕಾರ್ಡುಗಳು, ನಿಲ್ಲಿಸಲು ಒಂದು ಪುಟ್ಟ ಮರದ ಸ್ಟ್ಯಾಂಡು. ದಿನಕ್ಕೊಂದು ಕಾರ್ಡು. ಮುಂದೆ ಬೈಬಲ್ ವಾಕ್ಯ, ಹಿಂದೆ ಅದೇ ವಾಕ್ಯವನ್ನು 'ನಾನು' ಎಂದು ತಿರುಗಿಸಿ ಬರೆದ ಘೋಷಣೆ. ಬೆಳಿಗ್ಗೆ ಎದ್ದು ಅದನ್ನು ಮೂರು ಸಲ ಜೋರಾಗಿ ಹೇಳಬೇಕು. ಅಕ್ಷರ ದೊಡ್ಡದು, ಕನ್ನಡಕ ಹುಡುಕಬೇಕಿಲ್ಲ. ಎರಡನೇ ವಾರಕ್ಕೇ ಮೂಲೆಗಳ ಲ್ಯಾಮಿನೇಷನ್ ಏಳತೊಡಗಿತು, ಅದು ಬಿಡಿ.

ಜೋರಾಗಿ ಹೇಳುವುದರಲ್ಲಿ ಏನೋ ಇದೆ, ಒಪ್ಪಿದೆ. ಕಣ್ಣು ಹಾರಿಸಿಕೊಂಡು ಹೋಗುವ ಪದವನ್ನು ಬಾಯಿ ಹಾರಿಸುವುದಿಲ್ಲ. ಬೈಬಲಿನ ಪ್ರಾರ್ಥನಾಗೀತೆಗಳಲ್ಲೊಂದಾದ 42ನೇ ಕೀರ್ತನೆಯ ಕಾರ್ಡು ಬಂದ ದಿನ ನನಗೆ ಅದು ಗೊತ್ತಾಯಿತು. ಅಲ್ಲಿ ಕೀರ್ತನೆಗಾರ ತನ್ನ ಮನಸ್ಸನ್ನೇ ಎದುರಿಗೆ ಕೂರಿಸಿಕೊಂಡು, ಯಾಕೆ ಹೀಗೆ ಕುಗ್ಗಿ ಹೋಗಿದ್ದೀಯ ಎಂದು ಕೇಳುತ್ತಾನೆ. ಸುಮ್ನೆ ಓದಿದಾಗ ಅದು ಅವನ ಪ್ರಶ್ನೆ. ಖಾಲಿ ಕೋಣೆಯಲ್ಲಿ ನನ್ನದೇ ದನಿಯಲ್ಲಿ ಕೇಳಿದಾಗ ಉತ್ತರ ಕೊಡಬೇಕಾಯಿತು.

ಡಬ್ಬಿಯ ಜೊತೆಗಿನ ಚೀಟಿಯಲ್ಲಿ ಹೀಬ್ರೂ ಭಾಷೆಯ 'ದಾಬಾರ್' ಎಂಬ ಪದದ ಬಗ್ಗೆ ನಾಲ್ಕು ಸಾಲು ಇವೆ. ಅದಕ್ಕೆ ಮಾತು ಅನ್ನುವ ಅರ್ಥವೂ ಇದೆ, ಸಂಗತಿ ಅನ್ನುವ ಅರ್ಥವೂ ಇದೆ. ಇದು ನಿಜ, ನನಗೆ ಇಷ್ಟವೂ ಆಯಿತು. ಆಡಿದ ಮಾತು ಸಂಗತಿಯೇ ಆಗಿ ನಿಲ್ಲುತ್ತದೆ: ಬೈಬಲಿನಲ್ಲಿ ಕಿರಿಯ ಮಗ ಯಾಕೋಬ ಅಣ್ಣ ಏಸಾವನಂತೆ ನಟಿಸಿ ಆಶೀರ್ವಾದ ಪಡೆದ ಮೋಸ ಗೊತ್ತಾದ ಮೇಲೂ ತಂದೆ ಇಸಾಕನಿಗೆ ಅದನ್ನು ವಾಪಸ್ ತೆಗೆದುಕೊಳ್ಳಲು ಆಗಲಿಲ್ಲವಲ್ಲ, ಏಸಾವ ಅಷ್ಟು ಅತ್ತರೂ.

ತೊಂದರೆ ಆ 'ನಾನು' ಎಂಬಲ್ಲಿದೆ. ಬೈಬಲಿನಲ್ಲಿರುವ, ಧರ್ಮಪ್ರಚಾರಕ ಪೌಲ ರೋಮಾಪುರದವರಿಗೆ ಬರೆದ ಪತ್ರದ 4:17ರ ಕಾರ್ಡು ನೋಡಿ. ಇಲ್ಲದ್ದನ್ನು ಇರುವಂತೆ ಕರೆಯುವವನು ದೇವರು ಎಂದು ಪೌಲ ಬರೆದಿದ್ದಾನೆ. ಕಾರ್ಡಿನ ಹಿಂದೆ ಕರೆಯುವವಳು ನಾನಾಗಿಬಿಟ್ಟಿದ್ದೇನೆ! ಹೇಳಿದ್ದೇ ಆಗುತ್ತದೆ, ಹೇಳಿದ್ದೇ ಸಿಗುತ್ತದೆ ಎನ್ನುವ ಬೋಧನೆ ಕಳೆದ ಶತಮಾನದಲ್ಲಿ ಅಮೆರಿಕದ ಬೋಧಕ ಕೆನೆತ್ ಹೇಗಿನ್‌ರಂಥವರಿಂದ ಜಾಸ್ತಿ ಹಬ್ಬಿತು. ಈ ಕಾರ್ಡುಗಳಲ್ಲಿ ಅದೇ ವಾಸನೆ.

ವಾಸನೆ ಅಂದರೆ ಸಣ್ಣ ವಿಷಯವಲ್ಲ. ಹುಷಾರಿಲ್ಲದ ನನ್ನ ಸ್ನೇಹಿತೆಯೊಬ್ಬಳಿಗೂ ಯಾರೋ ಇದೇ ಡಬ್ಬಿ ಕೊಟ್ಟಿದ್ದರು. ಆರೋಗ್ಯದ ಕಾರ್ಡನ್ನು ವಾರಗಟ್ಟಲೆ ಹೇಳಿದಳು. ನಾನು ಹೋದಾಗ ಅದನ್ನು ದಿಂಬಿನ ಕೆಳಗಿನಿಂದ ತೆಗೆದು, "ನಾನು ಸರಿಯಾಗಿ ಹೇಳಲಿಲ್ಲವೇನೋ ಕಣೇ" ಎಂದಳು. ನನಗೆ ಮಾತೇ ಹೊರಡಲಿಲ್ಲ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡು ನರಳುತ್ತಿದ್ದ ಯೋಬನ ಸ್ನೇಹಿತರು ಏಳು ದಿನ ಸುಮ್ಮನೆ ನೆಲದ ಮೇಲೆ ಅವನ ಜೊತೆ ಕೂತಿದ್ದರು. ಕೆಟ್ಟದ್ದೆಲ್ಲ ಶುರುವಾದದ್ದು ಅವರು ಬಾಯಿ ತೆರೆದು ತಪ್ಪು ನಿನ್ನದೇ ಎಂದ ಮೇಲೆ. ಈ ಸೆಟ್ಟಿನಲ್ಲಿ ಸುಮ್ಮನಿರುವುದಕ್ಕೆ ಒಂದೂ ಕಾರ್ಡಿಲ್ಲ.

ಬೇರೆಯವರೊಂದಿಗೆ ಆಡುವ ಮಾತಿಗೂ ಜಾಗ ಕಡಿಮೆ. ಬೈಬಲಿನ ಯಾಕೋಬನ ಪತ್ರಿಕೆಯ (ಈತ ಇಸಾಕನ ಮಗನಲ್ಲ, ಬೇರೆಯವನು) 3ನೇ ಅಧ್ಯಾಯದಿಂದ ನಾಲಿಗೆಗೆ ಹೋಲಿಸಿದ ಹಡಗಿನ ಚುಕ್ಕಾಣಿ ಮಾತ್ರ ತೆಗೆದುಕೊಂಡಿದ್ದಾರೆ: 'ನನ್ನ ನಾಲಿಗೆ ನನ್ನ ಬಾಳನ್ನು ನಡೆಸುತ್ತದೆ' ಅಂತ. ಅದರ ಬೆನ್ನಿಗೇ ಬರುವ ಬೆಂಕಿ, ವಿಷ, ಒಂದೇ ಬಾಯಲ್ಲಿ ಸ್ತುತಿಯೂ ಶಾಪವೂ, ಯಾವುದೂ ಇಲ್ಲ. ಅದು ನನಗೆ ಬೇಕಿತ್ತು. ಒಂಬತ್ತನೇ ದಿನ 'ನನ್ನ ಬಾಯಿ ಜೀವದ ಬುಗ್ಗೆ' ಎಂದು ಮೂರು ಸಲ ಹೇಳಿ ಮುಗಿಸಿದೆ. ತಿರುಗಿದರೆ ಹಾಸಿಗೆಯ ಮೇಲೆ ಮಗಳ ಒದ್ದೆ ಟವೆಲ್. ನಾನು ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಬಾಗಿಲು ದಢಾರ್ ಅಂತ ಮುಚ್ಚಿತು.

ಬೈಬಲಿನ ಅರಣ್ಯಕಾಂಡ ಎಂಬ ಪುಸ್ತಕದ 6ನೇ ಅಧ್ಯಾಯದ ಆಶೀರ್ವಾದವನ್ನೂ ಬಿಟ್ಟಿಲ್ಲ. ಅದು ಯಾಜಕರು, ಅಂದರೆ ಪುರೋಹಿತರು, ಜನರಿಗೆ ಹೇಳಬೇಕಾದ ಮಾತು, 'ನಿನ್ನನ್ನು ಕಾಪಾಡಲಿ' ಅಂತ. ಇಲ್ಲಿ 'ನನ್ನನ್ನು' ಆಗಿದೆ. ಆ ದಿನ ನಾನು ಕಾರ್ಡಿನ ಹಿಂದುಗಡೆ ನೋಡಲೇ ಇಲ್ಲ. ಕಾರ್ಡು ಹಿಡಿದುಕೊಂಡು ಮಗಳ ಕೋಣೆಗೆ ಹೋಗಿ ಮುಂಭಾಗದ್ದನ್ನು ಇದ್ದಂತೆಯೇ ಓದಿದೆ. ಅವಳು ಒಂದು ಕಿವಿಯ ಇಯರ್‌ಫೋನ್ ತೆಗೆದು, "ಅಮ್ಮಾ, ಏನಾಯ್ತು ನಿಂಗೆ?" ಎಂದಳು. ಆದರೂ ಪೂರ್ತಿ ಕೇಳಿದಳು.

ಐದಕ್ಕೆ ಎರಡೂವರೆ ಕೊಡುತ್ತೇನೆ. ಕೊಳ್ಳುವುದಾದರೆ ಕಾರ್ಡಿನ ಮುಂಭಾಗ ಮಾತ್ರ ಓದಿ. ಹುಷಾರಿಲ್ಲದವರಿಗಂತೂ ಕೊಡಬೇಡಿ.

ತಿಂಗಳು ಮುಗಿದು ಡಬ್ಬಿ ಕಪಾಟು ಸೇರಿದೆ. ಸ್ಟ್ಯಾಂಡಿನಲ್ಲಿ ಮಾತ್ರ ಒಂದು ಕಾರ್ಡು ಉಳಿದಿದೆ, ನನ್ನ ಬಾಯಿಗೆ ಕಾವಲಿಡು ಎಂದು ಬೇಡುವ 141ನೇ ಕೀರ್ತನೆಯದ್ದು. ಅದನ್ನು ಅಲ್ಲಿಟ್ಟದ್ದು ನಾನಲ್ಲ.