ಸಿಗ್ನಲ್‌ನಲ್ಲಿ ಕಾರು ತಗುಲಿದರೆ ಮೊದಲು ಕ್ಷಮೆ ಕೇಳಬೇಡಿ

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ. ನಾಲ್ಕು ರಸ್ತೆ ಕೂಡುವ ಸಿಗ್ನಲ್‌ನಲ್ಲಿ ನನ್ನದಲ್ಲದ ತಪ್ಪನ್ನು ನಾನೇ ಕೈಯಾರೆ ತಲೆಗೆ ಕಟ್ಟಿಕೊಂಡೆ.

ನನಗೆ ಹಸಿರು ದೀಪವಿತ್ತು, ನೇರವಾಗಿ ಹೋಗುತ್ತಿದ್ದೆ. ಎದುರಿನಿಂದ ಬಂದ ಕಾರು ಒಮ್ಮೆಲೇ ನನ್ನ ಮುಂದೆ ಅಡ್ಡ ತಿರುಗಿತು. ಬ್ರೇಕ್ ಒತ್ತಿದರೂ ನನ್ನ ಬಂಪರ್ ಅದರ ಹಿಂಬಾಗಿಲಿಗೆ ಬಡಿಯಿತು. ಅಡ್ಡ ತಿರುಗುವವರು ನೇರ ಬರುವವರಿಗೆ ದಾರಿ ಬಿಡಬೇಕೆಂಬುದು ಡ್ರೈವಿಂಗ್ ಕಲಿತವರಿಗೆಲ್ಲ ಗೊತ್ತಿರುವುದರಿಂದ, ತಪ್ಪು ಯಾರದೆಂಬ ಪ್ರಶ್ನೆಯೇ ಏಳುವುದಿಲ್ಲವೆಂದು ನಂಬಿದ್ದೆ.

ಯಾರಿಗೂ ಪೆಟ್ಟಾಗಿರಲಿಲ್ಲ. ಇಳಿದವನೇ ಗಾಬರಿಯಲ್ಲಿ ‘ಕ್ಷಮಿಸಿ, ನೋಡಲೇ ಇಲ್ಲ’ ಎಂದೆ. ಹೌದು, ನಾನೇ ಅಂದೆ. ಆ ಮಹಾಶಯರು ಬಹಳ ಸೌಜನ್ಯದಿಂದ ‘ಪರವಾಗಿಲ್ಲ ಸರ್, ಹಿಂದೆ ಎಲ್ಲರೂ ಹಾರ್ನ್ ಹೊಡೆಯುತ್ತಿದ್ದಾರೆ, ಗಾಡಿ ಬದಿಗೆ ಹಾಕೋಣ’ ಎಂದರು. ಒಂದೇ ಒಂದು ಫೋಟೊ ತೆಗೆಯದೆ ಹಾಕಿದೆ. ಅಷ್ಟೇ ಅಲ್ಲ, ನನ್ನ ಸಾಲಿನ ನಟ್ಟನಡುವೆ ಬಿದ್ದಿದ್ದ ಹೆಡ್‌ಲೈಟಿನ ಚೂರುಗಳು ಯಾರದೋ ಟೈರಿಗೆ ಚುಚ್ಚಿಯಾವೆಂದು ಬೂಟುಗಾಲಿನಿಂದ ರಸ್ತೆಯಂಚಿಗೆ ತಳ್ಳಿದೆ. ಡಿಕ್ಕಿ ಎಲ್ಲಾಯಿತೆಂದು ಹೇಳಲು ಅಲ್ಲಿ ಉಳಿದಿದ್ದ ಸಾಕ್ಷಿ ಅದೊಂದೇ. ಆಮೇಲೆ ‘ವಿಮೆಯವರು ಕೇಳುತ್ತಾರೆ, ಸುಮ್ಮನೆ ಒಂದು ಫಾರ್ಮಾಲಿಟಿ’ ಎಂದು ಅವರು ಕಾಗದ ಮುಂದಿಟ್ಟಾಗ ‘ನನ್ನ ಕಾರಿನ ಮುಂಭಾಗ ಅವರ ಕಾರಿಗೆ ಬಡಿಯಿತು’ ಎಂದು ಬರೆದು ಸಹಿ ಹಾಕಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವರು ಅಡ್ಡ ತಿರುಗಿದ ಮಾತು ಮಾತ್ರ ಇರಲಿಲ್ಲ.

ಎರಡು ವಾರದ ನಂತರ ವಿಮಾ ಕಂಪನಿಯ ಪತ್ರ ಬಂತು. ಅವರು ಹಸಿರು ಬಾಣ ಬಂದ ಮೇಲೆಯೇ ತಿರುಗಿದ್ದರಂತೆ, ಬಹುಪಾಲು ದಾಟಿಯೂ ಆಗಿತ್ತಂತೆ, ಕೆಂಪು ದೀಪವನ್ನು ಲೆಕ್ಕಿಸದೆ ನುಗ್ಗಿದವನು ನಾನಂತೆ! ಜಜ್ಜಿಹೋದದ್ದು ಹಿಂಬಾಗಿಲಾದ್ದರಿಂದ ಆ ಕಥೆಗೆ ಬಲವೂ ಸಿಕ್ಕಿತು. ಎದುರಿನ ಕಟ್ಟಡದ ಕ್ಯಾಮೆರಾ ನೆನಪಾಗಿ ಓಡಿದರೆ, ಹಳೆಯ ದೃಶ್ಯ ಅಳಿಸಿ ಅದರ ಮೇಲೆ ಹೊಸದು ದಾಖಲಾಗಿತ್ತು. ಹಾರ್ನ್ ಹೊಡೆದ ಅಷ್ಟು ಜನರಲ್ಲಿ ಒಬ್ಬರ ಫೋನ್ ನಂಬರನ್ನೂ ನಾನು ಪಡೆದಿರಲಿಲ್ಲ.

ದಯವಿಟ್ಟು ಗಾಡಿ ಕದಲಿಸುವ ಮುನ್ನ ಎರಡೂ ಕಾರು, ಸಿಗ್ನಲ್ ಕಂಬ, ಟೈರಿನ ಗುರುತು, ಬಿದ್ದ ಚೂರು ಎಲ್ಲವೂ ಕಾಣುವಂತೆ ಫೋಟೊ ತೆಗೆಯಿರಿ, ಹಾರ್ನ್ ಹೊಡೆಯುವವರು ಹೊಡೆದುಕೊಳ್ಳಲಿ. ಕ್ಯಾಮೆರಾ ಇರುವಲ್ಲಿಗೆ ಅದೇ ದಿನ ಹೋಗಿ ಕೇಳಿ. ಸೌಜನ್ಯ ಹೆಚ್ಚಾದವರು ಕೊಟ್ಟ ಕಾಗದಕ್ಕೆ ಸಹಿ ಹಾಕಲೇಬೇಡಿ.

ಕೊನೆಗೆ ಫೋನ್ ಮಾಡಿ ಹೀಗೇಕೆ ಹೇಳಿದಿರೆಂದು ಕೇಳಿದೆ. ‘ನೋಡಲಿಲ್ಲ ಅಂತ ನೀವೇ ಹೇಳಿದ್ದಿರಲ್ಲ ಸರ್’ ಎಂದರು. ಅದೇ ಮೃದು ದನಿ, ಅದೇ ‘ಸರ್’. ನಾನು ಮಾತಿಲ್ಲದೆ ನಿಂತಿದ್ದಾಗ ಅವರೇ ಸಮಾಧಾನವನ್ನೂ ಹೇಳಿದರು: ‘ವಿಮೆ ಇದೆಯಲ್ಲ, ನಿಮ್ಮ ಕೈಯಿಂದ ಏನು ಹೋಗುತ್ತದೆ?’